ಅಳಿಸಿದ್ದು 236 ಕೋಟಿ ಸಾಲು, ಇಳಿಯದೇ ಕೂತಿದ್ದು ಡಿಸ್ಕು

ಜೂನ್ 1 ಬಂತೆಂದರೆ ಕಾರವಾರದ ಬೈತಖೋಲ ಬಂದರು ಒಮ್ಮೆಲೇ ಮೌನವಾಗುತ್ತದೆ. ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬಲೆ ರಿಪೇರಿ, ಎಂಜಿನ್ ರಿಪೇರಿ, ಊರಿಗೆ ಹೋಗಿಬರುವುದು ಎಲ್ಲ ಈ ಎರಡು ತಿಂಗಳಲ್ಲೇ. ನನ್ನ ಕೆಲಸಕ್ಕೂ ಇದೇ ಬಿಡುವು. ಶಿರಸಿ ಹತ್ತಿರದ ಮನೆಯ ಜಗಲಿಯಲ್ಲಿ ಕೂತು ನಾನು ನೋಡಿಕೊಳ್ಳುವ ಡೇಟಾ ವೇರ್‌ಹೌಸ್‌ಗೆ, ಅಂದರೆ ದತ್ತಾಂಶದ ಉಗ್ರಾಣಕ್ಕೆ, ಕರಾವಳಿಯ ಬೋಟು, ಐಸ್ ಪ್ಲಾಂಟು, ಮೀನಿನ ಲಾರಿಗಳಲ್ಲಿ ಕೂರಿಸಿದ ಉಪಕರಣಗಳಿಂದ ಹತ್ತು ಸೆಕೆಂಡಿಗೊಮ್ಮೆ ಸುದ್ದಿ ಬಂದು ಬೀಳುತ್ತದೆ. ಬೋಟು ಎಲ್ಲಿದೆ, ಲಾರಿಯೊಳಗೆ ಎಷ್ಟು ಡಿಗ್ರಿ ಚಳಿ ಇದೆ, ಇಂಥವು.

ಲೆಕ್ಕ ಹೀಗೆ: ಸುಮಾರು 300 ಉಪಕರಣ, ಸುದ್ದಿಗೊಂದು ಸಾಲಿನಂತೆ ಒಂದೊಂದರಿಂದ ದಿನಕ್ಕೆ 8,640 ಸಾಲು. ಒಟ್ಟು ದಿನಕ್ಕೆ ಹತ್ತಿರಹತ್ತಿರ 26 ಲಕ್ಷ. ಆಗಸ್ಟ್ 1ರಿಂದ ಮೇ 31ರವರೆಗೆ 304 ದಿನದ ಒಂದು ಹಂಗಾಮಿಗೆ 79 ಕೋಟಿಯಷ್ಟು. ಐದು ಹಂಗಾಮು ಒಂದೇ ಟೇಬಲ್ಲಿನಲ್ಲಿ ಪೇರಿಸಿದ್ದೆವು. ಅದನ್ನು ‘ಪಿಂಗ್’ ಟೇಬಲ್ ಎನ್ನುತ್ತೇನೆ. ಅದೊಂದೇ 390 ಜಿಬಿ. ಉಳಿದದ್ದೆಲ್ಲ ಸೇರಿ 173. ಒಟ್ಟು 563 ಜಿಬಿ.

ಇದು ಕೂತಿದ್ದು ಕ್ಲೌಡಿನಲ್ಲಿ ಬಾಡಿಗೆಗೆ ಸಿಗುವ ವೇರ್‌ಹೌಸ್ ಸೇವೆಯಾದ ಅಮೆಜಾನ್ ರೆಡ್‌ಶಿಫ್ಟ್‌ನ ಡಿಸಿ2 ಲಾರ್ಜ್ ಜಾತಿಯ ನಾಲ್ಕು ನೋಡ್‌ಗಳ, ಅಂದರೆ ಯಂತ್ರಗಳ, ಮೇಲೆ. ನೋಡ್ ಒಂದಕ್ಕೆ 160 ಜಿಬಿ ಡಿಸ್ಕು, ಅಂದರೆ ಒಟ್ಟು 640. ನಮ್ಮ ಬಳಕೆ ಶೇಕಡಾ 88 ಮುಟ್ಟಿತ್ತು. ಡಿಸ್ಕು ಇಷ್ಟು ತುಂಬಿದ ಮೇಲೆ ದೊಡ್ಡ ಕ್ವೆರಿಯೊಂದು (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಮಧ್ಯಂತರ ಲೆಕ್ಕಕ್ಕೆ ಜಾಗ ಹುಡುಕಿ, ಸಿಗದೆ, ‘ಡಿಸ್ಕ್ ಫುಲ್’ ಎಂದು ಕೈಚೆಲ್ಲುವ ಕಾಲ ದೂರವಿರುವುದಿಲ್ಲ. ಹುಬ್ಬಳ್ಳಿಯಲ್ಲಿರುವ ನಮ್ಮ ಯಜಮಾನರು ನೇರವಾಗಿ ಕೇಳಿದರು: ‘ಹಳೇ ಮೂರು ವರ್ಷದ್ದು ಯಾರಾದ್ರೂ ನೋಡ್ತಾರೇನ್ರೀ? ಇಲ್ಲ ಅಂದ್ರ ಅಳಿಸಿ ಒಗೀರಿ. ಹೊಸ ನೋಡ್‌ಗೆ ನಾ ರೊಕ್ಕ ಕೊಡಂಗಿಲ್ಲ.’

ಯಾರೂ ನೋಡುತ್ತಿರಲಿಲ್ಲ. ಹಾಗಂತ ಒಗೆಯುವ ಧೈರ್ಯ ನನಗಿರಲಿಲ್ಲ. ಮೊದಲು ನಾಲ್ಕೂ ನೋಡ್ ಸೇರಿದ ಇಡೀ ಕ್ಲಸ್ಟರಿನ ಒಂದು ಮ್ಯಾನುಯಲ್ ಸ್ನಾಪ್‌ಶಾಟ್, ಅಂದರೆ ಕೈಯಾರೆ ತೆಗೆಯುವ ಪೂರ್ತಿ ನಕಲು, ತೆಗೆದೆ. ಆಮೇಲೆ ಹಳೆಯ ಮೂರು ಹಂಗಾಮುಗಳನ್ನು ಅನ್‌ಲೋಡ್ ಆಜ್ಞೆಯಿಂದ ಪಾರ್ಕೆ ಎಂಬ ಒತ್ತಾದ ಮಾದರಿಯ ಫೈಲುಗಳಾಗಿ ಅಮೆಜಾನಿನ ಎಸ್3 ಎಂಬ ಫೈಲು ಉಗ್ರಾಣಕ್ಕೆ ಇಳಿಸಿ, ತಿಂಗಳುವಾರು ಸಾಲುಗಳ ಎಣಿಕೆ ಎರಡೂ ಕಡೆ ತಾಳೆ ನೋಡಿದೆ. ಮುಂದೆ ಯಾರಾದರೂ ಕೇಳಿದರೆ ಅಲ್ಲಿಂದಲೇ, ಎಸ್3 ಫೈಲುಗಳನ್ನು ಓದುವ ರೆಡ್‌ಶಿಫ್ಟ್‌ನ ಸ್ಪೆಕ್ಟ್ರಮ್ ಮೂಲಕ ಓದಿಕೊಡಬಹುದು. ಈ ಭಾಗ ಯಾವ ತಕರಾರೂ ಇಲ್ಲದೆ ಮುಗಿಯಿತು.

ಜೂನ್ 4ರ ರಾತ್ರಿ ಊಟ ಮುಗಿಸಿ ಡಿಲೀಟ್ ಕೊಟ್ಟೆ. ಮುಕ್ಕಾಲು ಗಂಟೆಯಲ್ಲಿ ಉತ್ತರ ಬಂತು: 236 ಕೋಟಿ ಚಿಲ್ಲರೆ ಸಾಲು ಅಳಿದವು. ಎಣಿಸಿ ನೋಡಿದರೆ ಉಳಿದದ್ದು 158 ಕೋಟಿಯ ಆಸುಪಾಸು. ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಡಿಸ್ಕು ಶೇಕಡಾ 89. ಇಳಿಯುವುದು ಹಾಗಿರಲಿ, ಒಂದು ಮೆಟ್ಟಿಲು ಮೇಲೇರಿತ್ತು!

ಗೀಟು ಹಾಕಿದ ಸಾಲುಗಳು

ಇಷ್ಟಕ್ಕೆ ಗಾಬರಿಯಾಗಬೇಕಿಲ್ಲ ಎಂಬುದು ನನಗೆ ಗೊತ್ತಿತ್ತು. 2013ರಲ್ಲಿ ಬಳಕೆಗೆ ಬಂದ ರೆಡ್‌ಶಿಫ್ಟ್‌ನ ಬೇರು ಪೋಸ್ಟ್‌ಗ್ರೆಸ್ ಎಂಬ ಹಳೆಯ ಡೇಟಾಬೇಸಿನ 8.0.2ನೇ ಆವೃತ್ತಿಯಲ್ಲಿದೆ. ಆ ವಂಶದ ಗುಣ ಇದಕ್ಕೂ ಬಂದಿದೆ: ಡಿಲೀಟ್ ಎಂದರೆ ಸಾಲು ಡಿಸ್ಕಿನಿಂದ ಹೋಗುವುದಿಲ್ಲ. ನಮ್ಮ ಕಣ್ಣಿಗೆ ಕಾಣದ ಮೂರು ಕಾಲಂಗಳು ಪ್ರತಿ ಟೇಬಲ್ಲಿಗೂ ಇರುತ್ತವೆ. ಅವುಗಳಲ್ಲೊಂದು, ಈ ಸಾಲನ್ನು ಯಾವ ವ್ಯವಹಾರ (ಟ್ರಾನ್ಸಾಕ್ಷನ್, ಒಂದೇ ಕಟ್ಟಾಗಿ ನಡೆಯುವ ಆಜ್ಞೆಗಳು) ಅಳಿಸಿತು ಎಂಬ ಸಂಖ್ಯೆಯನ್ನು ಬರೆದಿಡುವ ಕಾಲಂ. ಡಿಲೀಟ್ ಮಾಡುವುದು ಅಲ್ಲೊಂದು ಗೀಟು ಎಳೆಯುವ ಕೆಲಸ ಮಾತ್ರ. ಮುಂದಿನ ಕ್ವೆರಿಗಳು ಗೀಟು ನೋಡಿ ಆ ಸಾಲನ್ನು ದಾಟಿಕೊಂಡು ಹೋಗುತ್ತವೆ. 236 ಕೋಟಿ ಗೀಟು ಎಳೆಯುವುದಕ್ಕೂ ಶಾಯಿ ಬೇಕಲ್ಲ, ಆ ಒಂದು ಶೇಕಡಾ ಅದಕ್ಕೆ ಹೋಗಿತ್ತು.

ಏಕೆ ಹೀಗೆ ಎಂದರೆ, ನಾನು ಅಳಿಸುವ ಹೊತ್ತಿಗೆ ಇನ್ಯಾರೋ ಅದೇ ಟೇಬಲ್ಲನ್ನು ಓದುತ್ತಿರಬಹುದು. ಅವರು ಓದಲು ಶುರು ಮಾಡಿದಾಗ ಟೇಬಲ್ಲು ಹೇಗಿತ್ತೋ ಹಾಗೆಯೇ ಮುಗಿಯುವ ತನಕ ಅವರಿಗೆ ಕಾಣಬೇಕು. ಊಟಕ್ಕೆ ಕೂತವರ ಪಂಕ್ತಿ ಏಳುವ ಮೊದಲೇ ಎಲೆ ಎತ್ತಬಾರದು ಎಂಬ ರೀತಿ. ಈ ಹೋಲಿಕೆ ನೆನಪಿರಲಿ, ಮುಂದೆ ಇದೇ ಕೈಕೊಟ್ಟದ್ದು.

ಎಲೆ ಎತ್ತುವ ಕೆಲಸದ ಹೆಸರು ವ್ಯಾಕ್ಯೂಮ್. ಕಾಲಂ ಕಾಲಂ ಆಗಿ ಒಂದೊಂದು ಎಂಬಿಯ ಬ್ಲಾಕುಗಳಲ್ಲಿ ಕೂತ ದತ್ತಾಂಶದಲ್ಲಿ ಗೀಟು ಬಿದ್ದವನ್ನು ಬಿಟ್ಟು, ಉಳಿದವನ್ನು ಒತ್ತಾಗಿ ಹೊಸ ಬ್ಲಾಕುಗಳಿಗೆ ಬರೆದು, ಹಳೆಯ ಬ್ಲಾಕು ಬಿಟ್ಟುಕೊಡುವುದು. 2018ರ ಕೊನೆಯಿಂದ ಇದನ್ನು ರೆಡ್‌ಶಿಫ್ಟ್ ಕ್ಲಸ್ಟರಿನ ಮೇಲೆ ಹೊರೆ ಕಮ್ಮಿ ಇದ್ದಾಗ ತಾನೇ ಹಿನ್ನೆಲೆಯಲ್ಲಿ ಮಾಡುತ್ತದೆ. ಬಂದರು ಬಂದ್ ಇದ್ದ ಕಾಲ, ಹೊರೆಯೇ ಇಲ್ಲ. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ ಎಂದು ತೋಟದ ಕಡೆ ಹೋದೆ. ಅಡಿಕೆಗೆ ಕೊಳೆ ಮದ್ದು ಹೊಡೆಸುವುದಕ್ಕೆ ಮರ ಹತ್ತುವ ಕೊನೆಗೌಡರನ್ನು ಗೊತ್ತುಮಾಡುವುದು ಡಿಸ್ಕ್ ಖಾಲಿ ಮಾಡುವುದಕ್ಕಿಂತ ಕಷ್ಟದ ಕೆಲಸ. ಅದು ಬೇರೆ ಕತೆ.

ಜೂನ್ 7. ಡಿಸ್ಕು ಅದೇ 89.

ನಾನೇ ಕೈಯಾರೆ ವ್ಯಾಕ್ಯೂಮ್ ಡಿಲೀಟ್ ಓನ್ಲಿ ಕೊಟ್ಟೆ. ಬರೀ ವ್ಯಾಕ್ಯೂಮ್ ಎಂದರೆ ಅಳಿಸಿದ ಜಾಗ ಬಿಡಿಸುವುದರ ಜತೆಗೆ ಸಾಲುಗಳನ್ನು ಹೊಸದಾಗಿ ವಿಂಗಡಿಸುವ ಕೆಲಸವನ್ನೂ ಹಚ್ಚಿಕೊಳ್ಳುತ್ತದೆ. ಅದಕ್ಕೆ ಇನ್ನಷ್ಟು ಜಾಗ, ಇನ್ನಷ್ಟು ಹೊತ್ತು. ನನಗೆ ಬೇಕಿದ್ದುದು ಜಾಗ ಮಾತ್ರ. ಇಷ್ಟು ದೊಡ್ಡ ಟೇಬಲ್ಲಿಗೆ ತಾಸುಗಟ್ಟಲೆ ಹಿಡಿಯುತ್ತದೆಂದು ಚಾ ಕಾಸಲು ಒಳಗೆ ಹೋದವನು ಲೋಟ ಹಿಡಿದು ಬರುವಷ್ಟರಲ್ಲಿ ಮುಗಿದಿತ್ತು. ಯಶಸ್ವಿ ಎಂದೇ ಬರೆದಿತ್ತು. ಡಿಸ್ಕು 89.

ತಪ್ಪು ತೋರಿಸಿ ಬಿದ್ದರೆ ಹುಡುಕಬಹುದು. ಮಾಡಿದೆ ಎಂದು ಹೇಳಿ ಏನೂ ಮಾಡದಿದ್ದರೆ?

ಎಸ್‌ವಿವಿ_ಟೇಬಲ್_ಇನ್ಫೋ ತೆರೆದೆ. ಪ್ರತಿ ಟೇಬಲ್ಲಿನ ಜಾತಕ ಅದರಲ್ಲಿರುತ್ತದೆ. ಎರಡು ಕಾಲಂ ಪಕ್ಕಪಕ್ಕ ಇಟ್ಟು ನೋಡಿದೆ. ಟಿಬಿಎಲ್_ರೋಸ್ ಎಂಬಲ್ಲಿ ಗೀಟು ಬಿದ್ದು ಇನ್ನೂ ತೆರವಾಗದ ಸಾಲುಗಳೂ ಸೇರಿ ಎಣಿಕೆ ಇರುತ್ತದೆ: 394 ಕೋಟಿ. ಎಸ್ಟಿಮೇಟೆಡ್_ವಿಸಿಬಲ್_ರೋಸ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಮಾತ್ರ: 158 ಕೋಟಿ. ಎರಡರ ನಡುವಿನ ಅಂತರವೇ ನನ್ನ ಡಿಲೀಟ್. ಒಂದು ಸಾಲೂ ಕದಲಿರಲಿಲ್ಲ.

ಹೊರಗೆ ಎರಡು ಬೋಟು

ಅದೇ ಸಂಜೆ ಕಾರವಾರದಿಂದ ಫೋನು. ಬಂದರಿನ ಪಕ್ಕದ ನಮ್ಮ ಗಿರಾಕಿಯ ಕಚೇರಿಯಲ್ಲಿ ಗೋಡೆಗೆ ಒಂದು ಟಿವಿ ಹಾಕಿಕೊಟ್ಟಿದ್ದೇವೆ. ಎಷ್ಟು ಬೋಟು ಹೊರಗಿವೆ, ಎಷ್ಟು ದಡಕ್ಕೆ ಬಂದಿವೆ ಎಂದು ಐದೈದು ನಿಮಿಷಕ್ಕೆ ಅದರಲ್ಲಿ ಅಂಕಿ ಬದಲಾಗುತ್ತದೆ. ಕಚೇರಿ ನೋಡಿಕೊಳ್ಳುವವರು ಬೇರೇನೋ ಬಿಲ್ಲಿನ ವಿಷಯ ಮಾತಾಡಿ, ಇಡುವ ಹೊತ್ತಿಗೆ ನಗುತ್ತ ಹೇಳಿದರು: ‘ನಿಮ್ಮ ಟಿವಿ ಇನ್ನೂ ಹೊರಗೆ ಎರಡು ಬೋಟು ಅಂತಿದೆ ಮಾರಾಯ್ರೆ. ಎರಡೂ ನನ್ನ ಕಣ್ಣೆದುರಿಗೇ ಕಟ್ಟಿ ಹಾಕಿದಾವೆ. ಬಂದ್ ಟೈಮಲ್ಲಿ ಹೊರಗೆ ಅಂತ ತೋರ್ಸಿದ್ರೆ ಯಾರಾದ್ರೂ ನೋಡಿದವರು ಏನಂದ್ಕೊಳ್ಬೇಕು?’

ನಾಳೆ ನೋಡುತ್ತೇನೆಂದು ಫೋನಿಟ್ಟೆ. ಎರಡು ನಿಮಿಷ ಬಿಟ್ಟು ತಲೆಗೆ ಹೊಡೆದ ಹಾಗಾಯಿತು. ಟಿವಿಗೆ ಕಾಣುತ್ತಿರುವುದು ಜೂನ್ 7ರ ಟೇಬಲ್ಲಲ್ಲ. ಅದಕ್ಕೆ ಇನ್ನೂ ಮೇ 31.

ಎಸ್‌ವಿವಿ_ಟ್ರಾನ್ಸಾಕ್ಷನ್ಸ್ ನೋಡಿದೆ. ತೆರೆದುಕೊಂಡಿರುವ ವ್ಯವಹಾರಗಳೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತವೆ. ನನ್ನದೊಂದು ಬಿಟ್ಟರೆ ಅಲ್ಲಿದ್ದದ್ದು ಇನ್ನೊಂದೇ. ಶುರುವಾದ ಹೊತ್ತು ಮೇ 31, 20:52. ಅದು ಯುಟಿಸಿ, ಅಂದರೆ ವಿಶ್ವ ಮಾನಕ ಸಮಯ. ಐದೂವರೆ ತಾಸು ಸೇರಿಸಿದರೆ ನಮ್ಮ ಜೂನ್ 1ರ ಬೆಳಗಿನ ಜಾವ 2:22. ಪಿಂಗ್ ಟೇಬಲ್ಲಿನ ಮೇಲೆ ಓದುವವರ ಬೀಗ. ಮಾಲೀಕನ ಹೆಸರು, ಟಿವಿಗೆಂದು ನಾನೇ ಮಾಡಿಕೊಟ್ಟ ಬಳಕೆದಾರ ಖಾತೆ.

ಪಂಕ್ತಿಯಲ್ಲಿ ಒಬ್ಬ ಇನ್ನೂ ಊಟ ಮಾಡುತ್ತ ಕೂತಿದ್ದ. ಏಳು ದಿನದಿಂದ. ಅವನು ಏಳದೆ ಒಂದು ಎಲೆಯನ್ನೂ ಎತ್ತುವಂತಿರಲಿಲ್ಲ. ನನ್ನ ಡಿಲೀಟ್ ನಡೆದದ್ದು ಜೂನ್ 4ಕ್ಕೆ, ಅವನು ಕೂತದ್ದು ಅದಕ್ಕೂ ಮೊದಲು. ಹಾಗಾಗಿ ಅವನ ಪಾಲಿಗೆ ಆ 236 ಕೋಟಿ ಸಾಲು ಇನ್ನೂ ಜೀವಂತ. ವ್ಯಾಕ್ಯೂಮ್ ಬಂದು, ನೋಡಿ, ತೆಗೆಯಬಹುದಾದದ್ದು ಏನೂ ಇಲ್ಲವೆಂದು ಹೊರಟುಹೋಗಿತ್ತು. ಅದು ಯಶಸ್ವಿ ಎಂದದ್ದು ಸುಳ್ಳೇನಲ್ಲ.

ಟಿವಿಗೆ ಅಂಕಿ ಒದಗಿಸುವ ಸ್ಕ್ರಿಪ್ಟ್ ಬರೆದದ್ದೂ ನಾನೇ, ಎರಡು ವರ್ಷದ ಹಿಂದೆ. ಭಾಷೆ ಪೈಥಾನ್, ಡೇಟಾಬೇಸಿನ ಜತೆ ಮಾತಾಡಲು ಸೈಕಾಪಿಜಿ2 ಲೈಬ್ರರಿ. ಈ ಲೈಬ್ರರಿಯಲ್ಲಿ ಆಟೊಕಮಿಟ್ (ಪ್ರತಿ ಆಜ್ಞೆಯ ನಂತರ ತಾನೇ ಮುಗಿಸುವ ಏರ್ಪಾಡು) ಹಾಕದಿದ್ದರೆ ಮೊದಲ ಸೆಲೆಕ್ಟ್‌ಗೇ, ಅಂದರೆ ಓದುವ ಆಜ್ಞೆಗೇ, ಒಂದು ವ್ಯವಹಾರ ತೆರೆದುಕೊಳ್ಳುತ್ತದೆ. ಕಮಿಟ್ (ಖಾಯಂ ಮಾಡು) ಎಂದೋ ರೋಲ್‌ಬ್ಯಾಕ್ (ರದ್ದು ಮಾಡು) ಎಂದೋ ಹೇಳುವ ತನಕ ಮುಚ್ಚುವುದಿಲ್ಲ. ಬರೀ ಓದಿದ್ದು ತಾನೆ, ಕಮಿಟ್ ಯಾಕೆ ಎಂದು ಎಷ್ಟೋ ಜನ ಬಿಡುತ್ತಾರೆ. ನಾನು ಬಿಟ್ಟಿರಲಿಲ್ಲ. ಕಮಿಟ್ ಇತ್ತು. ಆದರೆ ಲೂಪಿನ ಒಳಗೆ ಅದರ ಮೇಲೊಂದು ಸಾಲು ಇತ್ತು: ಬೋಟುಗಳಿಂದ ಹೊಸ ಸಾಲು ಯಾವುದೂ ಬರದಿದ್ದರೆ ಐದು ನಿಮಿಷ ಮಲಗಿ, ಮತ್ತೆ ಮೊದಲಿಂದ ಶುರು ಮಾಡು. ಮಲಗುವ ದಾರಿಯಲ್ಲಿ ಕಮಿಟ್ ಸಿಗುತ್ತಲೇ ಇರಲಿಲ್ಲ.

ಹಂಗಾಮಿನಲ್ಲಿ ಇದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಹಗಲು ರಾತ್ರಿ ಎನ್ನದೆ ಯಾವುದಾದರೂ ಬೋಟು ಸುದ್ದಿ ಕಳಿಸುತ್ತಲೇ ಇರುತ್ತದೆ. ಐದು ನಿಮಿಷ ಪೂರ್ತಿ ಖಾಲಿ ಹೋಗುವುದೇ ಇಲ್ಲ. ಮೇ 31ರ ರಾತ್ರಿ ಒಂದೊಂದೇ ಬೋಟಿನವರು ಉಪಕರಣ ಆರಿಸಿದರು. ಎರಡು ಬೋಟಿನ ಉಪಕರಣಗಳು ನೆಟ್‌ವರ್ಕ್ ಇಲ್ಲದಾಗ ಕೂಡಿಟ್ಟ ಸುದ್ದಿಯನ್ನು ಬೆಳಿಗ್ಗೆ ಕಳಿಸಿದವು. ಅಷ್ಟರೊಳಗೆ 2:22ಕ್ಕೆ ಮೊದಲ ಖಾಲಿ ಐದು ನಿಮಿಷ ಬಂದುಹೋಗಿತ್ತು. ಅಲ್ಲಿಂದ ಸ್ಕ್ರಿಪ್ಟಿಗೆ ಕಾಣುವ ಜಗತ್ತು ಹೆಪ್ಪುಗಟ್ಟಿತು. ಒಂದೇ ವ್ಯವಹಾರದೊಳಗೆ ಎಷ್ಟು ಸಲ ಕೇಳಿದರೂ ಅದೇ 2:22ರ ಚಿತ್ರ, ಅದರಲ್ಲಿ ಹೊಸ ಸಾಲಿಲ್ಲ. ಹೊಸ ಸಾಲಿಲ್ಲದ್ದರಿಂದ ಕಮಿಟ್ ಇಲ್ಲ. ಕಮಿಟ್ ಇಲ್ಲದ್ದರಿಂದ ಹೊಸ ಸಾಲು ಕಾಣುವುದಿಲ್ಲ. ಸುಮ್ಮನೆ ಕೂತ ಸಂಪರ್ಕಗಳನ್ನು ಕಡಿಯುವ ಮಿತಿಯೊಂದು ರೆಡ್‌ಶಿಫ್ಟ್‌ನಲ್ಲಿದೆ. ಇದು ಐದು ನಿಮಿಷಕ್ಕೊಮ್ಮೆ ಬಾಯಿ ಬಿಡುತ್ತಿದ್ದರಿಂದ ಅದರ ಬಲೆಗೂ ಬೀಳಲಿಲ್ಲ.

ಜಾಗ ಖಾಲಿ ಮಾಡಲು ಬಂದರು ಬಂದ್ ಆಗಲೆಂದು ಕಾದಿದ್ದೆ. ಅದೇ ಬಂದ್ ಈ ಗಂಟು ಹಾಕಿತ್ತು.

ಪಿಜಿ_ಟರ್ಮಿನೇಟ್_ಬ್ಯಾಕೆಂಡ್‌ಗೆ ಆ ಪ್ರಕ್ರಿಯೆಯ ಸಂಖ್ಯೆ ಕೊಟ್ಟು ಕಡಿದೆ. ಸ್ಕ್ರಿಪ್ಟಿನಲ್ಲಿ ಆಟೊಕಮಿಟ್ ಹಾಕಿ ಮತ್ತೆ ಎಬ್ಬಿಸಿದೆ. ಕಾರವಾರದ ಟಿವಿಯಲ್ಲಿ ‘ಹೊರಗೆ 0’ ಬಂತೆಂದು ವಾಟ್ಸಾಪಿನಲ್ಲಿ ಫೋಟೋ ಬಂತು. ವ್ಯಾಕ್ಯೂಮ್ ಡಿಲೀಟ್ ಓನ್ಲಿ ಮತ್ತೊಮ್ಮೆ. ಈ ಸಲ ಚಾ ಕುಡಿದು, ಊಟ ಮಾಡಿ, ಮಲಗಿ ಎದ್ದರೂ ನಡೆಯುತ್ತಲೇ ಇತ್ತು. ಅಂದರೆ ನಿಜವಾಗಿ ಕೆಲಸ ಮಾಡುತ್ತಿತ್ತು. ನಡುವೆ ಗಾಳಿಗೆ ಎಲ್ಲೋ ಮರ ಬಿದ್ದು ನಮ್ಮಲ್ಲಿ ಕರೆಂಟು, ಇಂಟರ್ನೆಟ್ಟು ಎರಡೂ ಹೋದವು. ಇಂಥ ಉದ್ದದ ಕೆಲಸವನ್ನು ನಾನು ಮನೆಯ ಲ್ಯಾಪ್‌ಟಾಪಿನಿಂದ ನೇರ ಓಡಿಸುವುದಿಲ್ಲ. ಕ್ಲೌಡಿನ ಸಣ್ಣ ಯಂತ್ರದಲ್ಲಿ, ಸಂಪರ್ಕ ಕಡಿದರೂ ಕೆಲಸ ನಿಲ್ಲಲು ಬಿಡದ ಟಿಮಕ್ಸ್ ಒಳಗೆ ಬಿಟ್ಟಿರುತ್ತೇನೆ. ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜೂನ್ 8ರ ಮಧ್ಯಾಹ್ನ: ಡಿಸ್ಕು 51.

ಬೇರೆ ದಾರಿ ಇರಲಿಲ್ಲವೇ

ಇತ್ತು. ಟೇಬಲ್ಲಿನ ಐದರಲ್ಲಿ ಮೂರು ಪಾಲು ಅಳಿಸುವುದಿದ್ದಾಗ ಅಳಿಸುವುದಕ್ಕಿಂತ ಉಳಿಸುವುದನ್ನು ಬೇರೆಡೆ ಬರೆದುಕೊಂಡು ಹಳೆಯದನ್ನು ಪೂರ್ತಿ ಬೀಳಿಸುವುದೇ ಚುರುಕು. ಹೊಸ ಟೇಬಲ್ ಮಾಡಿ, ಬೇಕಾದ್ದನ್ನು ಅದಕ್ಕೆ ತುಂಬಿ, ಹಳೆಯದನ್ನು ಡ್ರಾಪ್ ಮಾಡಿ, ಹೆಸರು ಬದಲಿಸುವುದು. ಇದನ್ನು ಡೀಪ್ ಕಾಪಿ ಎನ್ನುತ್ತಾರೆ. ಸಾಲುಗಳೂ ವಿಂಗಡಣೆಯಾಗಿಯೇ ಕೂರುತ್ತವೆ. ಆದರೆ ಉಳಿಸಬೇಕಿದ್ದ ಎರಡು ಹಂಗಾಮಿಗೆ 156 ಜಿಬಿ ಬೇಕು, ನನ್ನ ಹತ್ತಿರ ಖಾಲಿ ಇದ್ದದ್ದು 77. ತುಂಬುವ ತನಕ ಸುಮ್ಮನಿದ್ದವನಿಗೆ ಒಳ್ಳೆಯ ದಾರಿ ಮುಚ್ಚಿಹೋಗಿರುತ್ತದೆ.

ಟೇಬಲ್ಲನ್ನು ಒಮ್ಮೆಗೇ ಖಾಲಿ ಮಾಡುವ ಟ್ರಂಕೇಟ್ ಬಗ್ಗೆಯೂ ಕೆಲವರು ಕೇಳಿದರು. ಅದು ಇಡೀ ಟೇಬಲ್ಲಿಗೆ ಮಾತ್ರ, ಅರ್ಧಕ್ಕಲ್ಲ. ಜಾಗ ತಕ್ಷಣ ಬರುತ್ತದೆ, ವ್ಯಾಕ್ಯೂಮ್ ಬೇಕಿಲ್ಲ. ಆದರೆ ರೆಡ್‌ಶಿಫ್ಟ್‌ನಲ್ಲಿ ಟ್ರಂಕೇಟ್ ತಾನೇ ಕಮಿಟ್ ಮಾಡಿಬಿಡುತ್ತದೆ. ಬಿಗಿನ್ ಬರೆದು ವ್ಯವಹಾರ ತೆರೆದಿದ್ದೇನೆ, ಬೇಡವೆನಿಸಿದರೆ ರೋಲ್‌ಬ್ಯಾಕ್ ಮಾಡುತ್ತೇನೆ ಎಂದು ನಂಬಿ ಕೂರಬೇಡಿ. ಪೋಸ್ಟ್‌ಗ್ರೆಸ್ ಅಭ್ಯಾಸವಾದವರು ಎಡವುವುದು ಇಲ್ಲೇ.

ಡ್ರಾಪ್ ಮತ್ತು ಟ್ರಂಕೇಟ್‌ಗೆ ಇನ್ನೊಂದು ಗುಣವಿದೆ, ನನಗೆ ಈಗ ಅದೇ ದೊಡ್ಡದೆನಿಸುತ್ತದೆ. ಅವಕ್ಕೆ ಟೇಬಲ್ಲಿನ ಮೇಲೆ ಪೂರ್ತಿ ಹಿಡಿತ ಬೇಕು. ಯಾರಾದರೂ ಓದುತ್ತ ಕೂತಿದ್ದರೆ ಮುಂದೆ ಹೋಗದೆ ಅಲ್ಲೇ ನಿಂತು ಕಾಯುತ್ತವೆ. ಜೂನ್ 4ರಂದು ನಾನು ಡಿಲೀಟ್ ಬದಲು ಡ್ರಾಪ್ ಕೊಡುವಂತಿದ್ದರೆ ಪರದೆ ಅಲುಗಾಡದೆ ನಿಲ್ಲುತ್ತಿತ್ತು, ಹತ್ತು ನಿಮಿಷದಲ್ಲಿ ಆ ಟಿವಿ ಸಿಕ್ಕಿಬೀಳುತ್ತಿತ್ತು.

ಹಾಗಾಗಿ ಇನ್ನು ಒಂದೇ ದೊಡ್ಡ ಟೇಬಲ್ ಬೇಡವೆಂದು ನಿರ್ಧರಿಸಿದೆ. ಹಂಗಾಮಿಗೊಂದು ಟೇಬಲ್, ಎಲ್ಲವನ್ನೂ ಯೂನಿಯನ್ ಆಲ್‌ನಿಂದ ಪೋಣಿಸಿದ ಒಂದು ವ್ಯೂ, ಅಂದರೆ ಒಂದೇ ಟೇಬಲ್ಲಿನಂತೆ ಕಾಣುವ ನೋಟ. ಆ ವ್ಯೂ ಮಾಡುವಾಗ ‘ವಿತ್ ನೋ ಸ್ಕೀಮಾ ಬೈಂಡಿಂಗ್’ ಎಂದು ಸೇರಿಸಬೇಕು. ಇಲ್ಲದಿದ್ದರೆ ಕೆಳಗಿನ ಟೇಬಲ್ ಬೀಳಿಸಲು ವ್ಯೂ ಬಿಡುವುದಿಲ್ಲ. ಬೇರೆಯವರು ತಿಂಗಳಿಗೊಂದು ಟೇಬಲ್ ಮಾಡುತ್ತಾರೆ. ನಮಗೆ ಕಡಲೇ ವರ್ಷವನ್ನು ಕತ್ತರಿಸಿಕೊಟ್ಟಿದೆ. ಆಗಸ್ಟ್ 1 ಮತ್ತು ಮೇ 31ಕ್ಕಿಂತ ಒಳ್ಳೆಯ ಗಡಿ ನನಗೆ ಬೇಕಿಲ್ಲ.

ಮರೆತ ಸಣ್ಣವು

ಜಾತಕ ತೆರೆದೇ ಇತ್ತಲ್ಲ, ಉಳಿದ ಟೇಬಲ್ಲುಗಳ ಮೇಲೂ ಕಣ್ಣಾಡಿಸಿದೆ. ದಿನದ ಸರಕು ತಾತ್ಕಾಲಿಕವಾಗಿ ಇಳಿಸಿಕೊಳ್ಳುವ ಸ್ಟೇಜಿಂಗ್ ಟೇಬಲ್ಲುಗಳು, ಯಾವಾಗಲೋ ಪರೀಕ್ಷೆಗೆಂದು ಮಾಡಿ ಬಿಟ್ಟವು, 60 ಇದ್ದವು. ಒಂದೊಂದರಲ್ಲಿ ಇನ್ನೂರು ಮುನ್ನೂರು ಸಾಲು. ಗಾತ್ರದ ಕಾಲಂನಲ್ಲಿ ಒಂದೊಂದಕ್ಕೂ 200 ಎಂಬಿ! ಮೊಬೈಲಿನ ಒಂದು ಫೋಟೋದಷ್ಟೂ ಇಲ್ಲದ ದತ್ತಾಂಶಕ್ಕೆ.

ಕಾರಣ ಆ ಒಂದು ಎಂಬಿಯ ಬ್ಲಾಕು. ಅದಕ್ಕಿಂತ ಚಿಕ್ಕದು ಇಲ್ಲ. ಟೇಬಲ್ಲಿಗೆ 22 ಕಾಲಂ, ಮರೆಯಲ್ಲಿರುವ ಮೂರು ಸೇರಿ 25. ನೋಡ್ ಒಂದಕ್ಕೆ ಎರಡು ಸ್ಲೈಸ್ (ನೋಡ್‌ನೊಳಗಿನ ಪಾಲು), ನಾಲ್ಕು ನೋಡ್‌ಗೆ ಎಂಟು. ಸಾಲುಗಳು ಎಂಟೂ ಸ್ಲೈಸಿಗೆ ಹಂಚಿಹೋದರೆ ಪ್ರತಿ ಸ್ಲೈಸಿನಲ್ಲೂ ಪ್ರತಿ ಕಾಲಂಗೆ ಒಂದೊಂದು ಬ್ಲಾಕು: 25ನ್ನು 8ರಿಂದ ಗುಣಿಸಿ 200. ವಿಂಗಡಿಸಿದ ಭಾಗ, ವಿಂಗಡಿಸದ ಭಾಗ ಎರಡೂ ಇದ್ದರೆ ಅದರ ದುಪ್ಪಟ್ಟು. ಇವುಗಳಲ್ಲಿ ಸಾಲು ಅಳಿಸಿ, ವ್ಯಾಕ್ಯೂಮ್ ಮಾಡಿ ಗಿಟ್ಟುವುದೇನಿಲ್ಲ. ಒಂದು ಸಾಲು ಉಳಿದರೂ ಅದು ಕೂತ ಸ್ಲೈಸಿನಲ್ಲಿ 25 ಎಂಬಿ ಹಿಡಿದೇ ಇರುತ್ತದೆ. 60ನ್ನೂ ಡ್ರಾಪ್ ಮಾಡಿದೆ. 12 ಜಿಬಿ ಬಂತು. ಒಟ್ಟು ಬಳಕೆ 317 ಜಿಬಿಗೆ ಇಳಿಯಿತು.

ರೊಕ್ಕದ ಮಾತು

ಹುಬ್ಬಳ್ಳಿಗೆ ಫೋನು ಮಾಡಿ ಖುಷಿಯಿಂದ ಹೇಳಿದೆ. ‘ಛಲೋ ಆತು. ಬಿಲ್ಲು ಎಷ್ಟ ಇಳೀತು?’

ಒಂದು ಪೈಸೆಯೂ ಇಲ್ಲ. ಡಿಸಿ2 ಜಾತಿಯಲ್ಲಿ ಡಿಸ್ಕು ನೋಡ್‌ನ ಜತೆಗೇ ಬರುತ್ತಿತ್ತು. ತುಂಬಿದ್ದರೂ ಖಾಲಿ ಇದ್ದರೂ ಬಾಡಿಗೆ ನೋಡ್‌ಗೆ. ಇಟ್ಟಷ್ಟು ಜಿಬಿಗೆ ಮಾತ್ರ ದುಡ್ಡು ಎನ್ನುವ ಲೆಕ್ಕ ಆರ್‌ಎ3 ಜಾತಿಯಲ್ಲಿದೆ, ನಮ್ಮದರಲ್ಲಿರಲಿಲ್ಲ. ಖಾಲಿ ಮಾಡಿದ್ದು ಬಿಲ್ಲಿನಲ್ಲಿ ಕಾಣಬೇಕಾದರೆ ನೋಡ್ ಕಡಿಮೆ ಮಾಡಬೇಕು. ಬೇಗ ಮುಗಿಯುವ ಎಲಾಸ್ಟಿಕ್ ರೀಸೈಜ್‌ನಲ್ಲಿ ಡಿಸಿ2 ಲಾರ್ಜ್ ಅನ್ನು ಅರ್ಧ ಮಾಡಬಹುದಿತ್ತು ಇಲ್ಲವೇ ಇಮ್ಮಡಿ. ಅರ್ಧ ಎಂದರೆ ಎರಡು ನೋಡ್, 320 ಜಿಬಿ. ನಮ್ಮದು 317. ಬೆರಳು ತೂರಿಸಲು ಜಾಗವಿಲ್ಲ. ಮೂರಕ್ಕೆ ಇಳಿಸಲು ಕ್ಲಾಸಿಕ್ ರೀಸೈಜ್ ಬೇಕು, ಅದು ನಡೆಯುವಾಗ ಕ್ಲಸ್ಟರು ಓದಲು ಮಾತ್ರ ಸಿಗುತ್ತದೆ. ಹಂಗಾಮಿನಲ್ಲಾಗಿದ್ದರೆ ಆ ಮಾತೇ ಎತ್ತುತ್ತಿರಲಿಲ್ಲ. ಜೂನ್‌ನಲ್ಲಿ ಬರೆಯಲು ಬರುವ ಲಾರಿ, ಐಸ್ ಪ್ಲಾಂಟಿನ ಸುದ್ದಿಯನ್ನು ಎಸ್3ಯಲ್ಲಿ ತಡೆಹಿಡಿದು ಆಮೇಲೆ ಸುರಿದರಾಯಿತು. ಒಂದು ರಾತ್ರಿ ಬಿಟ್ಟುಕೊಟ್ಟೆ. ಮೂರು ನೋಡ್, 480 ಜಿಬಿ, ಬಳಕೆ ಶೇಕಡಾ 66. ಬಿಲ್ಲಿನಲ್ಲಿ ನೋಡ್ ಬಾಡಿಗೆ ಕಾಲು ಭಾಗ ಇಳಿಯಿತು.

ಸ್ನೋಫ್ಲೇಕ್ ಎಂಬ ಬೇರೊಂದು ವೇರ್‌ಹೌಸ್ ಬಳಸುವ ಬೆಂಗಳೂರಿನ ಗೆಳೆಯನಿಗೆ ಈ ಕತೆ ಹೇಳಿದಾಗ ತನಗೆ ವ್ಯಾಕ್ಯೂಮ್ ಗೊಡವೆಯೇ ಇಲ್ಲವೆಂದು ನಕ್ಕ. ಗೊಡವೆ ಬೇರೆ ವೇಷದಲ್ಲಿದೆ ಅಷ್ಟೆ. ಅಲ್ಲಿ ಮಾಮೂಲಿ ಟೇಬಲ್ಲಿನಿಂದ ಅಳಿಸಿದ್ದು ಮೊದಲು ಹಳೆಯದನ್ನು ಮರಳಿ ಪಡೆಯಬಹುದಾದ ಟೈಮ್ ಟ್ರಾವೆಲ್ ಅವಧಿ, ಅಂದರೆ ಸುಮ್ಮನೆ ಬಿಟ್ಟರೆ ಒಂದು ದಿನ, ಎಂಟರ್‌ಪ್ರೈಸ್ ದರ್ಜೆಯಲ್ಲಿ ಬೇಕೆಂದರೆ 90 ದಿನದವರೆಗೆ, ಆಮೇಲೆ ಕೊನೆಯ ರಕ್ಷಣೆಯಾದ ಫೇಲ್‌ಸೇಫ್‌ನ 7 ದಿನ ಉಳಿದಿರುತ್ತದೆ. ಅಷ್ಟೂ ದಿನ ಬಾಡಿಗೆ ಬೀಳುತ್ತದೆ.

ನನ್ನಲ್ಲೂ ಅಂಥದೊಂದು ಉಳಿದಿತ್ತು, ಕೆಲಸಕ್ಕೆ ಮೊದಲು ತೆಗೆದ ಮ್ಯಾನುಯಲ್ ಸ್ನಾಪ್‌ಶಾಟ್. ತಾನಾಗಿ ಆಗುವ ಸ್ನಾಪ್‌ಶಾಟ್‌ಗಳು ಅವಧಿ ಮುಗಿದಾಗ ಹೋಗುತ್ತವೆ. ಕೈಯಾರೆ ತೆಗೆದದ್ದು ಅವಧಿ ಕೊಡದಿದ್ದರೆ ನಾವು ಅಳಿಸುವ ತನಕ ಇರುತ್ತದೆ. ಅಳಿಸಿದ 236 ಕೋಟಿ ಸಾಲು ಅದರೊಳಗೆ ಬೆಚ್ಚಗೆ ಮಲಗಿದ್ದವು. ಪಾರ್ಕೆ ಫೈಲುಗಳನ್ನು ಇನ್ನೊಮ್ಮೆ ತಾಳೆ ನೋಡಿ, ಜುಲೈ ಕೊನೆಗೆ ಅದನ್ನೂ ತೆಗೆದೆ.

ಆಗಸ್ಟ್ 1ರ ಬೆಳಿಗ್ಗೆ ಬೇಗ ಎದ್ದು ಟಿವಿಯ ಅಂಕಿ ಚಲಿಸುತ್ತಿದೆಯೇ ನೋಡಿದೆ. ಚಲಿಸುತ್ತಿತ್ತು. ಹೊಸ ಹಂಗಾಮಿನ ಟೇಬಲ್ಲಿಗೆ ಮೊದಲ ಕಂತು ಬಿದ್ದಿತ್ತು. ನೂರೈವತ್ತು ಸಾಲೂ ಇರಲಿಲ್ಲ. ಮೂರು ನೋಡ್‌ನ ಆರು ಸ್ಲೈಸಿಗೆ ಹಂಚಿಕೊಂಡು ಆಗಲೇ 150 ಎಂಬಿ ಹಿಡಿದು ಕೂತಿದ್ದವು.